ಹಿಂದಿನ ದೀಪ

ಜೇನು ಹಗಲಲ್ಲಿ ಊರು ಬದಲಿಸುವುದಿಲ್ಲ.
ಕತ್ತಲಾಗಿ ಎಲ್ಲವೂ ಒಳಗೆ ಬಂದ ಮೇಲೆ
ಬಾಯಿಗೆ ಜಾಲರಿ ಹೊಡೆದು
ನಲವತ್ತೆರಡು ಪೆಟ್ಟಿಗೆ ಟ್ರೈಲರಿಗೆ ಬಿಗಿದು
ಐತಪ್ಪ ಮೆಟಡೋರಿಗೆ ಕೀ ತಿರುಗಿಸುತ್ತಾರೆ.

ಮೆಟಡೋರ್ ಅಂದರೆ ಮನೆಯೇ:
ಮಡಚುವ ಮಂಚ, ಸ್ಟವ್ವು,
ರೇಷನ್ ಕಾರ್ಡು ಇಟ್ಟ ಬಿಸ್ಕತ್ತಿನ ಡಬ್ಬ.
ರಬ್ಬರು ಚಿಗುರುವಾಗ ಮುಳ್ಳೇರಿಯ,
ಚಿಗುರು ಬಲಿತರೆ ಇನ್ನೆಲ್ಲಿಗೋ.
ರಾತ್ರಿ ಮಾತ್ರ ನಾನು ಆ ಮನೆಯಲ್ಲಿ ಕೂತವಳಲ್ಲ.
ಟ್ರೈಲರಿನ ಹಿಂದಿನ ಹಲಗೆಯಲ್ಲಿ
ಟಾರ್ಚಿಗೆ ಕೆಂಪು ರವಿಕೆಬಟ್ಟೆ ಕಟ್ಟಿ
ಹನ್ನೊಂದು ವರ್ಷ
ನಾನೇ ಹಿಂದಿನ ದೀಪ.

ಬೆನ್ನಿಗೆ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಗುಂಯ್.
ನಾನು ಕಂಡ ಊರೆಲ್ಲ
ಬಿಟ್ಟುಬಂದ ಊರೇ.

ಬಲ್ಬು ಇರಲಿಲ್ಲ ಅಂತಲ್ಲ.
ಬ್ರೇಕ್ ತುಳಿದರೆ ಎಡದ ಸಿಗ್ನಲ್ ಮಿಣುಕುವುದು,
ಎಡಕ್ಕೆ ಹಾಕಿದರೆ ಎಲ್ಲವೂ ಮಂಕು.
ತಿರುಚಿ ಟೇಪು ಸುತ್ತಿದ ಗಂಟು,
ಗಂಟಿನ ಮೇಲೆ ಇನ್ನೊಂದು ಗಂಟು.
"ನೀನು ಇದ್ದಿಯಲ್ಲ" ಅನ್ನುತ್ತಿದ್ದರು.

ಈ ಸಲ ಬದಿಯಡ್ಕದ ತಿರುವಿನಲ್ಲಿ
ಕಲ್ಲಿನ ಲಾರಿಯೊಂದು ಕಿರುಚಿ ನಿಂತಿತು,
ನನ್ನ ಮೊಣಕಾಲಿಗೂ ಅದರ ಬಂಪರಿಗೂ ಒಂದು ಗೇಣು.
ಐತಪ್ಪ ಇಳಿದು ಬಂದು ನೋಡಿದರು.
ಏನೂ ಅನ್ನಲಿಲ್ಲ.
ಬೆಳಗ್ಗೆ ಗಾಡಿ ಸೀದಾ ಸೀತಾಂಗೋಳಿಗೆ,
ಅಂದುಂಞಿಯ ಅಂಗಡಿಗೆ.

ಗೋಣಿ ಹಾಸಿ ಅಡಿಗೆ ನುಗ್ಗಿದ ಅಂದುಂಞಿ
ಅಲ್ಲಿಂದಲೇ ಕೂಗಿದ: "ಇದು ಅರ್ತು ಹೋದದ್ದು!"
ನನಗೆ ಅರ್ಥ ಎಂದು ಕೇಳಿತು.
"ಯಾವುದರ ಅರ್ಥ?"
"ಅರ್ಥ ಅಲ್ಲಕ್ಕ, ಅರ್ತು. ಬಿಳಿ ವಯರು.
ಹೋದ ಕರೆಂಟಿಗೆ ವಾಪಸು ದಾರಿ ಬೇಡವಾ?
ಇಲ್ಲದಿದ್ದರೆ ಅದು ಕಂಡವರ ಬಲ್ಬಿಗೆ ನುಗ್ತದೆ."

ಮೇಜಿನ ಮೇಲೆ ಕನೆಕ್ಟರು ಇಟ್ಟ:
ಚಪ್ಪಟೆಯ ನಾಲ್ಕು ಪಿನ್ನು,
ಏಳರದ್ದು ಪ್ಲಾಸ್ಟಿಕ್ಕು, ಏಳರದ್ದು ಲೋಹ,
ಇನ್ನೂ ಪ್ಲಾಸ್ಟಿಕ್ ಕವರು ಹರಿಯದ ಹದಿಮೂರು.
ಐತಪ್ಪನ ಕೈ ನಾಲ್ಕರತ್ತ ಹೋಯಿತು.
ಅಂದುಂಞಿ ಅದನ್ನೆತ್ತಿ ಡ್ರಾಯರಿನೊಳಗೆ ಹಾಕಿದ.
"ಹದಿಮೂರು ನಿಮಗೆ ಹೆಚ್ಚಾಯ್ತು,
ಪ್ಲಾಸ್ಟಿಕ್ಕು ಎರಡು ಬೇಸಗೆಗೆ ಬಿರಿಯುತ್ತದೆ."

ಸ್ಕೂಟರಿನ ಹಾರನ್ನಿಗೆ ಕಾದಿದ್ದ ಮಾಸ್ಟ್ರು ನಕ್ಕರು:
"ಏಳು ಪಿನ್ನು! ಏಳು ಭಾಷೆಯ ನಾಡಲ್ವಾ ನಮ್ಮದು!"
"ಭಾಷಣ ಬೇಡ ಮಾಷೇ.
ಏಳರಲ್ಲಿ ಒಂದು ಅರ್ತು.
ಅದು ಯಾವ ಭಾಷೆ, ಹೇಳಿ ನೋಡುವ?"
ಮಾಸ್ಟ್ರು ಹಾರನ್ನನ್ನೇ ನೋಡುತ್ತ ಕೂತರು.

ಗಂಟುಗಳನ್ನೆಲ್ಲ ಕತ್ತರಿಸಿ ಬಿಸಾಡಿದ ಅಂದುಂಞಿ.
ಹಳದಿ ಎಡಕ್ಕೆ, ಹಸಿರು ಬಲಕ್ಕೆ, ಕೆಂಪು ಬ್ರೇಕಿಗೆ,
ಕಂದು ಕಪ್ಪು ಎರಡೂ ಹಿಂದಿನ ದೀಪಕ್ಕೆ.
ನೀಲಿ ಮಂಜಿನ ಲೈಟಿನದ್ದಂತೆ. ಇಲ್ಲಿ ಯಾವ ಮಂಜು?
ಅದನ್ನು ತುಪ್ಪ ತೆಗೆಯುವ ಯಂತ್ರದ ಮೇಲಿನ ಬಲ್ಬಿಗೆ ಕೊಟ್ಟ.
ಬಿಳಿಗೆ ಮಾತ್ರ ಉಳಿದವುಗಳಿಗಿಂತ ದಪ್ಪದ ವಯರು.
"ಎಲ್ಲರದ್ದನ್ನೂ ಹೊತ್ತು ತರುವುದು ಇದೇ ಅಲ್ವಾ."
ಐತಪ್ಪ ನೆಲ ನೋಡಿದರು.

ಕೇಬಲು ಒಳಗೆ ಹೋಗುವ ತೂತಿಗೆ
ನಮ್ಮದೇ ಮೇಣ ಕೇಳಿದ.
ಬೆರಳಲ್ಲಿ ನಾದಿ, ಬೆಚ್ಚಗೆ ಮಾಡಿ,
ಸುತ್ತ ಒತ್ತಿದ್ದು ನಾನೇ.
ಸಾವಿರದೆಂಟುನೂರು, ಮೇಲೆ ಎರಡು ಬಾಟ್ಲಿ ಜೇನು.

ಆ ರಾತ್ರಿಯೂ ಅಭ್ಯಾಸಕ್ಕೆ ಹಿಂದಕ್ಕೇ ನಡೆದೆ.
ಐತಪ್ಪ ಒಮ್ಮೆ ಹಾರನ್ನು ಒತ್ತಿದರು.
ಮುಂದಿನ ಸೀಟಿನಲ್ಲಿದ್ದ ಸ್ಪ್ಯಾನರು, ಒದ್ದೆ ಬೈರಾಸು,
ಹಳೆಯ ಚಪ್ಪಲಿ, ಎಲ್ಲ ಕೆಳಗೆ ಸರಿಸಿ
ಅಂಗೈಯಲ್ಲಿ ಸೀಟು ಒರೆಸಿದರು.

ರಸ್ತೆ ನನ್ನತ್ತ ಬರುತ್ತಿತ್ತು.
ಮರ, ಮಸೀದಿಯ ಗೋಡೆ, ಮುಚ್ಚಿದ ಗೂಡಂಗಡಿ
ಒಂದೊಂದೂ ಹತ್ತಿರಾಗಿ ದೊಡ್ಡದಾಗಿ.
ಮುಳ್ಳೇರಿಯ ಎಂಬ ಬೋರ್ಡನ್ನು
ಮೊದಲ ಸಲ ಓದಿದೆ.
ಇಷ್ಟು ವರ್ಷ ಅದರ ಬೆನ್ನಿನ ತುಕ್ಕು ಮಾತ್ರ ಗೊತ್ತಿತ್ತು.

ಇಳಿಜಾರಿನಲ್ಲಿ ಅವರು ಬ್ರೇಕ್ ತುಳಿದರು.
ಕನ್ನಡಿಯಲ್ಲಿ ರಸ್ತೆ ಕೆಂಪಾಯಿತು.
ಮಡಿಲಲ್ಲಿದ್ದ ಟಾರ್ಚಿನ ಗುಂಡಿಯನ್ನು
ನನ್ನ ಹೆಬ್ಬೆರಳು
ಆಗಲೇ ಒತ್ತಿತ್ತು.